‘ಡೇಟಾ ಮಾಡೆಲ್’ಗೆ ಮಾದರಿಯೋ, ಶಿಸ್ತೋ, ಅಚ್ಚೋ?

ಶಿವಮೊಗ್ಗದಿಂದ:
ಗೆಳೆಯರೇ, ನಾಳೆ ಸಂಜೆಯೊಳಗೆ ‘ಡೇಟಾ ಮಾಡೆಲ್’ಗೆ ಒಂದು ಪದ ಬೇಕು. ಸಹಕಾರ ಸಂಘಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗರಿಗೆ ಲಾಗ್, ಅಂದರೆ ನಡೆದದ್ದನ್ನು ಯಂತ್ರ ತಾನೇ ಬರೆದಿಡುವ ಸಾಲುಗಳನ್ನು, ಓದುವ ಕೈಪಿಡಿ ಬರೆಯುತ್ತಿದ್ದೇನೆ. ಎಲ್ಲಿಂದ ಬಂದರು ಎಂದು ತಿಳಿಸುವ ಐಪಿ ವಿಳಾಸ ಒಂದೇ; ಅದಕ್ಕೆ ಫೈರ್‌ವಾಲ್ ‘ಎಸ್‌ಆರ್‌ಸಿ’ ಅನ್ನುತ್ತದೆ, ವೆಬ್ ಸರ್ವರ್ ‘ಕ್ಲೈಂಟ್’ ಅನ್ನುತ್ತದೆ, ಲಾಗಿನ್ ವಿಫಲವಾದಾಗ ವಿಂಡೋಸ್ ಬರೆಯುವ 4625 ಸಂಖ್ಯೆಯ ದಾಖಲೆಯಲ್ಲಿ ಅದು ‘ಸೋರ್ಸ್ ನೆಟ್‌ವರ್ಕ್ ಅಡ್ರೆಸ್’. ಹೊತ್ತಿನದು ಇನ್ನೂ ಕಷ್ಟ. ಸಿಸ್‌ಲಾಗ್ ಎಂಬ ಲಾಗ್ ಪದ್ಧತಿಯ ಹಳೆಯ ಬಗೆಯ ಸಾಲಿನಲ್ಲಿ ಇಸವಿಯೇ ಇರುವುದಿಲ್ಲ, ಕಾಲವಲಯವೂ ಇಲ್ಲ. ವೆಬ್ ಸರ್ವರ್ ಭಾರತದ ಕಾಲವಲಯವನ್ನು +0530 ಅಂತ ಬರೆದಿರುತ್ತದೆ. ಇವನ್ನೆಲ್ಲ ಒಂದೇ ಹೆಸರಿಗೆ, ಒಂದೇ ರೂಪಕ್ಕೆ ತರುವ ಏರ್ಪಾಡಿಗೆ ‘ದತ್ತಾಂಶ ಮಾದರಿ’ ಎಂದಿದ್ದೆ. ಕರಡು ಓದಿದ ಹುಡುಗ, “ಮಾದರಿ ಎಲ್ಲಿ ಸಾರ್, ಒಂದೂ ಕೊಟ್ಟಿಲ್ಲವಲ್ಲ?” ಅಂದ. ಅವನಿಗೆ ಮಾದರಿ ಎಂದರೆ ಸ್ಯಾಂಪಲ್. ಏನು ಬರೆಯಲಿ?

ಸಾಗರದಿಂದ:
ಪದ ನಮ್ಮ ನೆಲದಲ್ಲೇ ಇದೆ: ಶಿಸ್ತು. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಜಮೀನನ್ನು ಐದು ದರ್ಜೆ ಮಾಡಿ ಕಂದಾಯ ಗೊತ್ತುಮಾಡಿದ್ದನ್ನು ಇವತ್ತಿಗೂ ‘ಶಿವಪ್ಪನಾಯಕನ ಶಿಸ್ತು’ ಎನ್ನುತ್ತೇವೆ. ನೆಲ ನಾನಾ ಬಗೆ, ನೋಡುವ ಕ್ರಮ ಒಂದೇ. ನಿಮ್ಮ ಕೆಲಸವೂ ಅದೇ ತಾನೆ? ‘ಲಾಗ್ ಶಿಸ್ತು’ ಅನ್ನಿ.

ತೀರ್ಥಹಳ್ಳಿಯಿಂದ:
ಆಗದು. ‘ಲಾಗ್ ಶಿಸ್ತು’ ಎಂದರೆ ತಪ್ಪದೆ ಲಾಗ್ ಬರೆಯಬೇಕು ಅಂತ ತಿಳಿಯುತ್ತಾರೆ. ದತ್ತಾಂಶವೂ ಬೇಡ. ದತ್ತ ಅಂದರೆ ಕೊಟ್ಟದ್ದು. ಲಾಗನ್ನು ಯಾರೂ ಕೊಟ್ಟಿಲ್ಲ, ಯಂತ್ರ ತಾನೇ ಬರೆದದ್ದು. ಅಚ್ಚು ಅನ್ನಿ. ಆಲೆಮನೆಗೆ ಯಾವ ಗದ್ದೆಯ ಕಬ್ಬು ಬಂದರೂ ಪಾಕ ಅಚ್ಚಿಗೆ ಬಿದ್ದ ಮೇಲೆ ಬೆಲ್ಲಕ್ಕೆ ಒಂದೇ ಆಕಾರ. ‘ಅಚ್ಚುಕಟ್ಟು’ ಎಂಬ ಮಾತಿನಲ್ಲಿರುವುದೂ ಇದೇ ಅಚ್ಚು ಎಂದು ನನ್ನ ಎಣಿಕೆ.

ಭದ್ರಾವತಿಯಿಂದ:
ಅಚ್ಚುಕಟ್ಟು ಅಂದರೆ ನಮ್ಮ ಕಡೆ ಭದ್ರಾ ನಾಲೆಯ ನೀರು ಹಾಯುವ ಬಯಲು. ಅಲ್ಲಿ ಒಂದು ನೀರು ನೂರು ಗದ್ದೆಗೆ ಹೋಗುತ್ತದೆ. ಇಲ್ಲಿ ನೂರು ಹಳ್ಳ ಒಂದು ಕೆರೆಗೆ ಬರಬೇಕು. ‘ಅಚ್ಚಿಗೆ ಹಾಕು’ ಅಂದರೆ ಪ್ರೆಸ್ಸಿಗೆ ಕೊಡು ಅಂತ. ಇಂಥ ಏರ್ಪಾಡಿಗೆ ಇಂಗ್ಲಿಷಿನಲ್ಲಿರುವ ಸ್ಕೀಮಾ ಎಂಬ ಪದವನ್ನೇ ಇಡಿ. ಜಮೀನು, ತಾರೀಖು, ದಾಖಲೆ ಎಲ್ಲ ಹೊರಗಿಂದ ಬಂದವೇ, ಕನ್ನಡಕ್ಕೆ ಏನಾಯಿತು?

ತೀರ್ಥಹಳ್ಳಿಯಿಂದ:
ಅವು ತಲೆಮಾರುಗಟ್ಟಲೆ ಬಾಯಲ್ಲಿ ನುರಿದು ನಮ್ಮವಾದವು. ಸಂಘದ ಕಚೇರಿಯಲ್ಲಿ ಸ್ಕೀಮಾ ಅಂದು ನೋಡಿ, ಸರ್ಕಾರದ ಯಾವ ಸ್ಕೀಮು ಅಂತ ಕೇಳುತ್ತಾರೆ. ಎರವಲಿಗೆ ನನ್ನ ತಕರಾರಿಲ್ಲ. ಹುಡುಕದೆ ಎರವಲು ತರುವುದಕ್ಕೆ ಇದೆ.

ಶಿವಮೊಗ್ಗದಿಂದ:
ಅಚ್ಚಿನಲ್ಲಿ ಒಂದು ತೊಡಕು ಕಂಡಿತು. ಪಾಕ ಸುರಿದ ಮೇಲೆ ಕೊಪ್ಪರಿಗೆ ಖಾಲಿ. ನಾವು ಮೂಲ ಸಾಲನ್ನು ಒಂದಕ್ಷರ ಅಳಿಸದೆ ಪಕ್ಕದಲ್ಲೇ ಇಡಬೇಕು, ನಾಳೆ ತಕರಾರು ಬಂದರೆ ಅದೇ ಸಾಕ್ಷಿ. ಆದರೆ ಬರೀ ಹೆಸರು ಬದಲಿಸಿದರೆ ಮುಗಿಯುವ ಕೆಲಸವೂ ಇದಲ್ಲ. ಸಿಸ್‌ಲಾಗ್‌ನಲ್ಲಿ ಗಂಭೀರತೆ 0 ಅಂದರೆ ಎಲ್ಲಕ್ಕಿಂತ ದೊಡ್ಡ ಅಪಾಯ, 7 ಅಂದರೆ ಡೀಬಗ್, ಎಲ್ಲಕ್ಕಿಂತ ಸಣ್ಣ ಸಂಗತಿ. ಓಪನ್‌ಟೆಲಿಮೆಟ್ರಿ ಎಂಬ ಇನ್ನೊಂದು ಪದ್ಧತಿಯಲ್ಲಿ 1ರಿಂದ 24, ಅಂಕಿ ಏರಿದಷ್ಟೂ ಗಂಭೀರ. ಅಂಕಿಯನ್ನೇ ತಿರುವಿ ಹಾಕಬೇಕು, ಅಂದರೆ ಆಕಾರವೇ ಬದಲಾಗುತ್ತದೆ. ಹಾಗಾಗಿ ತಲೆಬರಹ ‘ಲಾಗ್ ಅಚ್ಚು’. ಮೊದಲ ಸಲ ಬಂದಲ್ಲಿ ‘ಸ್ಕೀಮಾ ಎಂದರೂ ಇದೇ’ ಎಂದು ಸೇರಿಸುತ್ತೇನೆ. ಮೂಲ ಸಾಲಿಗೆ ‘ಹಸಿ ಲಾಗ್’. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸುವ ಮನೆಗಳ ಹುಡುಗರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಒಂದೊಂದು ಮಾಹಿತಿ ಕೂರುವ ಜಾಗ, ‘ಫೀಲ್ಡ್’ಗೆ ಅಂಕಣ ಅನ್ನಲೇ, ಕಲಂ ಅನ್ನಲೇ?

ಭದ್ರಾವತಿಯಿಂದ:
ಫೀಲ್ಡ್.

ತೀರ್ಥಹಳ್ಳಿಯಿಂದ:
ಮನೆ. ಚೌಕಾಬಾರ ಆಡಿದವರಿಗೆಲ್ಲ ಗೊತ್ತು.