ಅಪ್‌ಡೇಟ್: ಸಾಂತಾ ಫೆ ವಾರಾಂತ್ಯ ಹೇಗಾಯ್ತು

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂತಾ ಫೆಯಲ್ಲಿ ವಾರಾಂತ್ಯ ಕಳೆಯೋಕೆ ಎಲ್ಲಿ ಉಳಿಯೋದು, ಸಸ್ಯಾಹಾರಿಗಳಿಗೆ ಏನು ಸಿಗುತ್ತೆ ಅಂತ ಕೇಳಿದ್ದೆ. ಹೋಗಿ ಬಂದಾಯ್ತು, ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಪ್ಲಾಜಾದಿಂದ (ಊರ ನಡುವಿನ ಚೌಕ) ನಡೆದುಹೋಗುವಷ್ಟು ಹತ್ತಿರ, ಕೀವಾ ಒಲೆ (ರೂಮು ಬೆಚ್ಚಗಿಡುವ ಮಣ್ಣಿನ ಒಲೆ) ಇರುವ ರೂಮು ತಗೊಳ್ಳಿ ಅಂದಿದ್ದೇ ಸರಿಹೋಯ್ತು. ಮರುಭೂಮಿ ಅಂತ ಹೆಸರಷ್ಟೇ. ಊರು ಸುಮಾರು 7,000 ಅಡಿ ಎತ್ತರದಲ್ಲಿದೆ, ಕತ್ತಲಾದ್ರೆ ಸ್ವೆಟರ್ ಬೇಕೇ ಬೇಕು. ಮೂಲೆಯ ಆ ಮಣ್ಣಿನ ಒಲೆಗೆ ಸೌದೆ ಅಡ್ಡ ಇಡಬಾರದು. ಮೊದಲು ಹೊಗೆಕಿಂಡಿ ತೆರೆದು, ಮೂರ್ನಾಲ್ಕು ಸೀಳು ಪಿನ್ಯೋನ್ (ಅಲ್ಲಿನ ಒಂದು ಪೈನ್ ಮರ) ಸೌದೆಯನ್ನು ಹಿಂಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಬೇಕು. ಒಲೆಯ ಗೂಡು ಆಳವಿಲ್ಲ, ಅಡ್ಡ ಇಟ್ರೆ ಹೊಗೆ ರೂಮಿಗೇ ನುಗ್ಗುತ್ತೆ.

ವಿಮಾನ ಇಳಿಯೋ ಆಲ್ಬುಕರ್ಕಿ ನಗರದಿಂದ ರೈಲಲ್ಲಿ ಬನ್ನಿ ಅನ್ನೋ ಸಲಹೆ ನಮಗೆ ಕೂಡಿಬರಲಿಲ್ಲ. ರೈಲು ವಿಮಾನ ನಿಲ್ದಾಣದೊಳಗೆ ಬರಲ್ಲ, ವಾರಾಂತ್ಯದಲ್ಲಿ ಓಡಾಟವೂ ಕಡಿಮೆ. ಬಾಡಿಗೆ ಕಾರಿಗೆ ಒಂದು ಗಂಟೆಯ ದಾರಿ. ಹೋಟೆಲ್ ಪಾರ್ಕಿಂಗ್ ಮತ್ತು ರೆಸಾರ್ಟ್ ಶುಲ್ಕ ರೂಮಿನ ಬಾಡಿಗೆಯಲ್ಲಿ ಸೇರಿದೆಯಾ ಅಂತ ಬುಕ್ ಮಾಡೋ ಮುಂಚೆಯೇ ಕೇಳಿ.

ಊಟದಲ್ಲಿ ಹುಷಾರು: ಕೆಂಪು, ಹಸಿರು ಚಿಲಿ (ಮೆಣಸಿನಕಾಯಿ ಸಾಸ್) ಎರಡಕ್ಕೂ ಮಾಂಸದ ಸಾರು ಹಾಕಿರಬಹುದು, ಬೀನ್ಸ್‌ಗೆ ಹಂದಿ ಕೊಬ್ಬು. "ಸಸ್ಯಾಹಾರಿ" ಅಂದ್ರೆ ಸಾಲದು, ಮಾಂಸದ ಸಾರು, ಹಂದಿ ಕೊಬ್ಬು ಇದೆಯಾ ಅಂತ ಹೆಸರಿಟ್ಟೇ ಕೇಳಬೇಕು. ಪೊಸೋಲೆ ಅನ್ನೋ ಜೋಳದ ಸ್ಟೂನಲ್ಲಂತೂ ಸಾಮಾನ್ಯವಾಗಿ ಹಂದಿಮಾಂಸವೇ.

ಗೊತ್ತಿರದಿದ್ದ ವಿಷಯ: 1610ರ ಕಾಲದ ಗವರ್ನರ್ ಅರಮನೆಯ ಜಗಲಿಯಲ್ಲಿ ಆಭರಣ ಮಾರುವವರು ಮೂಲನಿವಾಸಿ ಕುಶಲಕರ್ಮಿಗಳೇ, ಮಾಲು ಅವರ ಅಥವಾ ಅವರ ಮನೆಯವರ ಕೈಕೆಲಸ. ಬೆಳ್ಳಿ ಒಡವೆಯ ಹಿಂಬದಿ ಮಾಡಿದವರ ಮುದ್ರೆ ಇರುತ್ತೆ, ತಿರುಗಿಸಿ ನೋಡಿ. ಬೆಳಗ್ಗೆಯೇ ಹೋದ್ರೆ ಆಯ್ಕೆ ಜಾಸ್ತಿ.