ಕಯೋಟಿ ಬೇಟೆಗೆ ಮೊದಲ ರೈಫಲ್: ಯಾವ ಕ್ಯಾಲಿಬರ್, ಎಂಥ ನಳಿಕೆ?

ಹುಲ್ಲುಬಯಲು:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಪೂರ್ವ ಕೊಲರಾಡೋದ ಬಯಲಲ್ಲಿ ಕಯೋಟಿ (ತೋಳದ ಜಾತಿಯ ಸಣ್ಣ ಕಾಡುಪ್ರಾಣಿ) ಬೇಟೆಗೆ ಮೊದಲ ರೈಫಲ್ ತೆಗೆದುಕೊಳ್ಳಬೇಕು. ಬೋಲ್ಟ್ ಆಕ್ಷನ್ (ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆಯುವುದು) ಎಂಬುದು ತೀರ್ಮಾನವಾಗಿದೆ. ಕಾಲ್ (ಪ್ರಾಣಿಯ ಕೂಗು ಹೊರಡಿಸುವ ಪೀಪಿ) ಊದಿ ಹತ್ತಿರಕ್ಕೆ ಕರೆದು ಹೊಡೆಯುವ ಬೇಟೆ, ಜಾಗದಿಂದ ಜಾಗಕ್ಕೆ ನಡೆದೇ ಹೋಗಬೇಕು. ಹೆಚ್ಚಿನ ಈಡು 200 ಗಜದೊಳಗೆ, ಅಪರೂಪಕ್ಕೆ 300. ಗಾಳಿ ಮಾತ್ರ ಸದಾ ಜೋರು. ಚರ್ಮ ಮಾರುವ ಯೋಚನೆ ಇರುವುದರಿಂದ ದೊಡ್ಡ ತೂತು ಬೀಳಬಾರದು. .204 ರೂಗರ್, .223 ರೆಮಿಂಗ್ಟನ್, .22-250, .243 ವಿಂಚೆಸ್ಟರ್ ಈ ನಾಲ್ಕು ಕ್ಯಾಲಿಬರ್‌ಗಳಲ್ಲಿ (ತೋಟಾ ಅಳತೆಗಳಲ್ಲಿ) ಯಾವುದು ಸರಿ? ನಳಿಕೆ ಎಷ್ಟು ಉದ್ದ, ಟ್ವಿಸ್ಟ್ (ನಳಿಕೆಯೊಳಗಿನ ಸುರುಳಿ ಗೀರುಗಳ ತಿರುವು) ಎಷ್ಟು? ಮುಂದೆ ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಹಾಕಬಹುದು. ತೋಟಾ ಕಾರ್ಖಾನೆಯದೇ, ಮನೆಯಲ್ಲಿ ತುಂಬುವುದಿಲ್ಲ.

ಗ್ರೇನ್55:
ನೀವು ಹೇಳಿದ ಕೆಲಸಕ್ಕೆ .223, 1:8 ಟ್ವಿಸ್ಟ್, 20 ಅಥವಾ 22 ಇಂಚಿನ ನಳಿಕೆ. ಕಾರಣ ಹೇಳುತ್ತೇನೆ.

ಕ್ಯಾಲಿಬರ್ ಬಗ್ಗೆ ಎಲ್ಲರೂ ಗಂಟೆಗಟ್ಟಲೆ ಚರ್ಚಿಸುತ್ತಾರೆ, ಟ್ವಿಸ್ಟ್ ಕಡೆ ನೋಡುವವರು ಕಡಿಮೆ. ಆದರೆ ಆ ನಳಿಕೆಯಲ್ಲಿ ಯಾವ ಗುಂಡು ನೆಟ್ಟಗೆ ಹೋಗುತ್ತದೆ ಎಂದು ಗೊತ್ತುಮಾಡುವುದು ಅದೇ. 1:8 ಎಂದರೆ 8 ಇಂಚಿಗೆ ಗುಂಡು ಒಂದು ಪೂರ್ತಿ ಸುತ್ತು ಸುತ್ತುತ್ತದೆ. ಎಷ್ಟು ತಿರುಗಬೇಕು ಎಂಬುದು ಗುಂಡಿನ ತೂಕಕ್ಕಿಂತ ಅದರ ಉದ್ದವನ್ನು ಅವಲಂಬಿಸಿದೆ. ಹಳೆಯ ರೆಮಿಂಗ್ಟನ್ 700ನಂಥ .223 ರೈಫಲ್‌ಗಳಲ್ಲಿ 1:12 ಸಾಮಾನ್ಯ. ಅವು 55 ಗ್ರೇನ್‌ವರೆಗೆ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಚೆನ್ನಾಗಿ ಹೊಡೆಯುತ್ತವೆ, 69 ಅಥವಾ 73 ಗ್ರೇನ್ ಹಾಕಿದರೆ ಗುಂಡು ಓಲಾಡಿ ಕಾಗದದ ಮೇಲೆ ಅಡ್ಡ ಸೀಳು ಬೀಳಬಹುದು. 1:8ರಲ್ಲಿ 50 ಗ್ರೇನ್‌ನಿಂದ 77ರವರೆಗೂ ಓಡುತ್ತವೆ. ಚಳಿಗಾಲದ ಬೆಳಗಿನ ತಣ್ಣನೆಯ ಗಾಳಿ ದಟ್ಟವಾಗಿರುವುದರಿಂದ ಬೇಸಿಗೆಯಲ್ಲಿ ಹೇಗೋ ನಿಭಾಯಿಸಿದ ಗುಂಡು ಆಗ ಕೈಕೊಡಬಹುದು. ಟಿಕ್ಕಾ ಟಿ3ಎಕ್ಸ್, ರೂಗರ್ ಅಮೆರಿಕನ್ ಪ್ರಿಡೇಟರ್ ಎರಡರಲ್ಲೂ .223ಗೆ 1:8 ಬರುತ್ತದೆ.

ಹಳೆಯ ರೈಫಲ್ ನೋಡುತ್ತಿದ್ದರೆ ಮಾರುವವರ ಮಾತು ನಂಬಬೇಡಿ, ಅಳೆಯಿರಿ. ಕೋವಿ ಖಾಲಿ ಇದೆಯೇ ನೋಡಿ, ಬೋಲ್ಟ್ ತೆಗೆದಿಡಿ. ಹಿಡಿಯ ಬಳಿ ಸಲೀಸಾಗಿ ತಿರುಗುವ ಕ್ಲೀನಿಂಗ್ ರಾಡ್‌ಗೆ ಬಿಗಿಯಾದ ಬಟ್ಟೆ ಸುತ್ತಿ ನಳಿಕೆಯೊಳಗೆ ತಳ್ಳಿ. ರಾಡ್ ಮೇಲೆ ಒಂದು ಗುರುತು ಹಾಕಿ, ಅದು ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ ರಾಡ್ ಎಷ್ಟು ಇಂಚು ಒಳಗೆ ಹೋಯಿತು ನೋಡಿ. ಅದೇ ಟ್ವಿಸ್ಟ್. ಬಟ್ಟೆ ಜಾರಿದರೆ ಲೆಕ್ಕ ತಪ್ಪುತ್ತದೆ, ಎರಡು ಮೂರು ಸಲ ಅಳೆದು ಹೋಲಿಸಿ.

ಗುಂಡು: 53 ಅಥವಾ 55 ಗ್ರೇನ್ ಹಾರ್ನಡಿ ವಿ-ಮ್ಯಾಕ್ಸ್, ಅಥವಾ ಅದೇ ಬಗೆಯ ತೆಳು ಕವಚದ್ದು. ಭುಜದ ಹಿಂದೆ ಬಿದ್ದರೆ ಒಳಗೇ ಒಡೆದು, ಬಹಳಷ್ಟು ಸಲ ಆಚೆಗೆ ಬರುವುದೇ ಇಲ್ಲ. ಭುಜದ ಮೂಳೆಗೇ ಬಿದ್ದರೆ ಮೇಲ್ಮೈಯಲ್ಲೇ ಚೂರಾಗಿ ದೊಡ್ಡ ಗಾಯ ಮಾಡಿ ಪ್ರಾಣಿ ಓಡಿಹೋಗುವ ಅಪಾಯವಿದೆ. ಪೂರ್ತಿ ಕವಚದ ಮಿಲಿಟರಿ ಗುಂಡು ಬೇಡವೇ ಬೇಡ. ಸೂಜಿ ಚುಚ್ಚಿದ ಹಾಗೆ ತೂರಿಹೋಗುತ್ತದೆ, ಪ್ರಾಣಿ ನರಳಿ ಎಲ್ಲೋ ಸಾಯುತ್ತದೆ, ಗಟ್ಟಿ ನೆಲಕ್ಕೆ ತಾಗಿ ಎಗರುವುದೂ ಜಾಸ್ತಿ.

ಇನ್ನೊಂದು ಎಚ್ಚರಿಕೆ: ನಳಿಕೆ ಮೇಲೆ .223 ಎಂದು ಮಾತ್ರ ಇದ್ದರೆ ಮಿಲಿಟರಿ ಅಳತೆಯ 5.56 ತೋಟಾ ಹಾಕಬೇಡಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಆದರೆ .223 ಚೇಂಬರಿನಲ್ಲಿ (ತೋಟಾ ಕೂರುವ ಜಾಗದಲ್ಲಿ) ರೈಫ್ಲಿಂಗ್, ಅಂದರೆ ಸುರುಳಿ ಗೀರು, ಬೇಗ ಶುರುವಾಗುವುದರಿಂದ ಒತ್ತಡ ಏರಬಹುದು.

ಬೋಲ್ಟ್‌ಹಿಡಿ:
.223 ಒಳ್ಳೆಯದೇ, ಆದರೆ ಪ್ರಶ್ನೆಯಲ್ಲಿ ಗಾಳಿ ಜೋರು ಎಂದಿದ್ದಾರೆ. ಅಂಥ ಕಡೆ .22-250ಗೆ ನನ್ನ ಓಟು. 55 ಗ್ರೇನ್ ಗುಂಡು .223ರಲ್ಲಿ ಸೆಕೆಂಡಿಗೆ 3,240 ಅಡಿ ಹೊರಟರೆ ಇದರಲ್ಲಿ 3,680 ಅಡಿ. 200 ಗಜಕ್ಕೆ ಸೊನ್ನೆ ಕಟ್ಟಿದರೆ (ಆ ದೂರದಲ್ಲಿ ಗುರಿಯಿಟ್ಟ ಕಡೆಯೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿದರೆ) 300ರಲ್ಲಿ .223 ಸುಮಾರು 7 ಇಂಚು ಇಳಿಯುತ್ತದೆ, .22-250 ಸುಮಾರು 5. ದೂರದ ಅಂದಾಜು ಸ್ವಲ್ಪ ತಪ್ಪಿದರೂ ಕಯೋಟಿ ಬೀಳುತ್ತದೆ.

ಗ್ರೇನ್55:
ಸರ್, ಇಳಿತದ ಮಾತು ಒಪ್ಪುತ್ತೇನೆ. ಗಾಳಿಯ ಲೆಕ್ಕವನ್ನೂ ಪೂರ್ತಿ ಮಾಡೋಣ. ಗಂಟೆಗೆ 10 ಮೈಲಿಯ ನೇರ ಅಡ್ಡಗಾಳಿಯಲ್ಲಿ, ಅದೇ 55 ಗ್ರೇನ್ ವಿ-ಮ್ಯಾಕ್ಸ್ 200 ಗಜದಲ್ಲಿ .223ರಿಂದ ಸುಮಾರು ನಾಲ್ಕೂವರೆ ಇಂಚು ಸರಿಯುತ್ತದೆ, .22-250ರಿಂದ ಮೂರುಮುಕ್ಕಾಲು. ವ್ಯತ್ಯಾಸ ಒಂದು ಇಂಚೂ ಇಲ್ಲ. 300ರಲ್ಲಿ .223ಗೆ 11 ಇಂಚು, .22-250ಗೆ 9. ಇವು ಸಮುದ್ರಮಟ್ಟದ ಲೆಕ್ಕ, ಎತ್ತರದ ಬಯಲಲ್ಲಿ ಗಾಳಿ ತೆಳುವಾದ್ದರಿಂದ ಎರಡೂ ಇನ್ನಷ್ಟು ಕಡಿಮೆ. 1:8 ನಳಿಕೆ ಇದ್ದರೆ .223ರಲ್ಲೇ 73 ಗ್ರೇನ್ ಇಎಲ್‌ಡಿ ಮ್ಯಾಚ್ ಗುಂಡು ಹಾಕಬಹುದು: 300ರಲ್ಲಿ ಸುಮಾರು 8 ಇಂಚು ಸರಿತ, ಅಂದರೆ .22-250ರ 55ಕ್ಕಿಂತಲೂ ಕಡಿಮೆ. ಇಳಿತ ಮಾತ್ರ ಸ್ವಲ್ಪ ಹೆಚ್ಚು.

ಕಯೋಟಿಯ ರೋಮ ದಟ್ಟ, ಒಳಗಿನ ಮೈ ಸಣ್ಣದು. ಎದೆಯಲ್ಲಿ ಗುರಿ ಇಡಬಹುದಾದ ಜಾಗ 4ರಿಂದ 5 ಇಂಚು, ಅಷ್ಟೇ. ಹಾಗಾಗಿ ಗಾಳಿ ಓದುವುದನ್ನು ಯಾವ ತೋಟಾ ಕೊಂಡರೂ ಕಲಿಯಲೇಬೇಕು. .223 ತೋಟಾ ಅಗ್ಗ, ಒದೆತ ಕಡಿಮೆ, ನಳಿಕೆ ನಿಧಾನ ಸವೆಯುತ್ತದೆ, ಆದ್ದರಿಂದ ಹೊಸಬರು ಹೆಚ್ಚು ಈಡು ಹೊಡೆದು ಅಭ್ಯಾಸ ಮಾಡಲು ಸಾಧ್ಯ. ಈಡು ಬಿದ್ದ ಜಾಗ ಸ್ಕೋಪಿನೊಳಗೇ ಕಾಣುತ್ತದೆ. ತಪ್ಪಿದ್ದು ಎಡಕ್ಕೋ ಬಲಕ್ಕೋ ಗೊತ್ತಾದರೆ ತಾನೇ ಎರಡನೇ ಈಡು ಸರಿಹೋಗುವುದು?

ಬೋಲ್ಟ್‌ಹಿಡಿ:
200ರೊಳಗೇ ಹೆಚ್ಚು ಎಂದಾದರೆ ಒಪ್ಪಿದೆ. .22-250 ಕೊಳ್ಳುವವರಿಗೆ ಎರಡು ಮಾತು: ಹಳೆಯ ನಳಿಕೆಗಳಲ್ಲಿ 1:14 ಇರುತ್ತದೆ, 55 ಗ್ರೇನ್ ದಾಟಬೇಡಿ. ಹೊಸ 1:8 ನಳಿಕೆಯಲ್ಲಿ ಆ ವೇಗಕ್ಕೆ ಗುಂಡು ನಿಮಿಷಕ್ಕೆ 3,30,000 ಸುತ್ತು ದಾಟುತ್ತದೆ. ಕಡಿಮೆ ವೇಗಕ್ಕೆಂದು ಮಾಡಿದ ತೀರಾ ತೆಳು ಕವಚದ ಗುಂಡು ಗುರಿ ಮುಟ್ಟುವ ಮೊದಲೇ ಗಾಳಿಯಲ್ಲಿ ಒಡೆದುಹೋಗಬಹುದು. ನಳಿಕೆ 24 ಇಂಚು ಇರಲಿ, ಮದ್ದು ಜಾಸ್ತಿ ಇರುವುದರಿಂದ ಚಿಕ್ಕದಾದರೆ ವೇಗ ಹೋಗಿ ಸದ್ದು, ಬೆಂಕಿ ಉಳಿಯುತ್ತದೆ.

ಹುಲ್ಲುಬಯಲು:
ಬಹಳ ಉಪಕಾರವಾಯಿತು. .204 ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಮುಂದೆ ಇದೇ ರೈಫಲ್‌ನಲ್ಲಿ ಜಿಂಕೆ ಬೇಟೆಗೂ ಹೋಗಬಹುದೇ?

ತೆಳುನಳಿಕೆ:
.204ಗೆ 32 ಗ್ರೇನ್ ಬಿಟ್ಟು 40 ಗ್ರೇನ್ ಹಾಕಿದರೆ ಕಯೋಟಿಗೆ ಸಾಕು, ಚರ್ಮಕ್ಕೂ ಒಳ್ಳೆಯದು. ಆದರೆ ಅಂಗಡಿಯಲ್ಲಿ ತೋಟಾದ ಆಯ್ಕೆ ಕಡಿಮೆ, ಸಣ್ಣ ಕೊಳವೆ ಆದ್ದರಿಂದ ಬೇಗ ಕೊಳೆ ಕಟ್ಟುತ್ತದೆ, ರಾಡ್ ಕೂಡ ಬೇರೆಯೇ ಬೇಕು.

ಜಿಂಕೆಗೆ ಕೊಲರಾಡೋದಲ್ಲಿ .223, .22-250 ಎರಡೂ ನಡೆಯುವುದಿಲ್ಲ. ಕನಿಷ್ಠ .24 ಕ್ಯಾಲಿಬರ್, ಕನಿಷ್ಠ 70 ಗ್ರೇನಿನ ಹಿಗ್ಗುವ ಗುಂಡು ಎಂಬುದು ಅಲ್ಲಿನ ನಿಯಮ. ಜಿಂಕೆ ಖಂಡಿತ ಎಂದಾದರೆ .243, 1:10 ಟ್ವಿಸ್ಟ್. ಕಯೋಟಿಗೆ 58 ಗ್ರೇನ್, ಜಿಂಕೆಗೆ 95 ಅಥವಾ 100. ಚರ್ಮ ಹರಿಯುವುದು .223ಗಿಂತ ಹೆಚ್ಚು. ಎರಡು ಗುಂಡಿಗೂ ಸೊನ್ನೆ ಬೇರೆ, ಬದಲಾಯಿಸಿದಾಗಲೆಲ್ಲ ಕಾಗದದ ಮೇಲೆ ಹೊಡೆದು ನೋಡಲೇಬೇಕು. ಕ್ಯಾಲಿಫೋರ್ನಿಯಾಕ್ಕೆ ಹೋಗುವುದಿದ್ದರೆ, ಅಲ್ಲಿ 2019ರ ಜುಲೈ 1ರಿಂದ ಕಾಡುಪ್ರಾಣಿಗಳ ಮೇಲೆ ಸೀಸದ ಗುಂಡು ಬಳಸುವಂತಿಲ್ಲ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಅಲ್ಲೂ 1:8 ಕೈಹಿಡಿಯುತ್ತದೆ.

ಈಗ ನಳಿಕೆ. .223ರಲ್ಲಿ ನಳಿಕೆ ಒಂದು ಇಂಚು ಗಿಡ್ಡವಾದರೆ ಸೆಕೆಂಡಿಗೆ ಸುಮಾರು 25 ಅಡಿ ವೇಗ ಕಡಿಮೆಯಾಗುತ್ತದೆ. 24ರಿಂದ 20ಕ್ಕೆ ಇಳಿದರೆ ಹೋಗುವುದು 100 ಅಡಿ. 300 ಗಜದಲ್ಲಿ ಇಳಿತ ಅರ್ಧ ಇಂಚಿನ ಆಸುಪಾಸು ಹೆಚ್ಚುತ್ತದೆ, ಅಷ್ಟೇ. ಸಪ್ರೆಸರ್ 6ರಿಂದ 8 ಇಂಚು ಸೇರಿಸುವುದರಿಂದ 20 ಇಂಚೇ ಹಿತ. ದಪ್ಪ ವಾರ್ಮಿಂಟ್ ನಳಿಕೆ ಸತತವಾಗಿ ಹತ್ತಾರು ಈಡು ಹೊಡೆಯುವವರಿಗೆ. ಕಯೋಟಿಗೆ ಒಂದು ಕಡೆ ಕೂತರೆ ಒಂದೋ ಎರಡೋ ಈಡು. ತೀರಾ ತೆಳುವಲ್ಲದ ಸ್ಪೋರ್ಟರ್ ನಳಿಕೆ ಸಾಕು, ಹೆಗಲಿಗೂ ಹಗುರ.

ತುದಿಯಲ್ಲಿ ಥ್ರೆಡ್ (ಸಪ್ರೆಸರ್ ತಿರುಗಿಸಿ ಕೂರಿಸುವ ತಿರುಪು) ಇರುವ ನಳಿಕೆಯನ್ನೇ ಈಗಲೇ ತೆಗೆದುಕೊಳ್ಳಿ. .22 ಗುಂಡಿನವುಗಳಿಗೆ 1/2×28 (ಅರ್ಧ ಇಂಚು ವ್ಯಾಸ, ಇಂಚಿಗೆ 28 ಎಳೆ) ಸಾಮಾನ್ಯ. ಸಪ್ರೆಸರ್ ಮಾತ್ರ ಅಮೆರಿಕದ ಬಂದೂಕು ನಿಯಂತ್ರಣ ಇಲಾಖೆ ಎಟಿಎಫ್‌ನ ಫಾರ್ಮ್ 4 ಎಂಬ ಅರ್ಜಿ ಮಂಜೂರಾದ ಮೇಲೆಯೇ ಕೈಗೆ ಸಿಗುವುದು. ಅದನ್ನು ಹಾಕಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ, ಆದ್ದರಿಂದ ಹಾಕಿಯೇ ಸೊನ್ನೆ ಕಟ್ಟಬೇಕು. 100 ಗಜದಲ್ಲಿ ಒಂದೂವರೆ ಇಂಚು ಮೇಲೆ ಬಿದ್ದರೆ 200ಕ್ಕೆ ಹತ್ತಿರ ಬಂದ ಹಾಗೆ, ಆಮೇಲೆ 200ರಲ್ಲೇ ಹೊಡೆದು ಖಚಿತಪಡಿಸಿ.

ಅಗ್ಗದ ಪ್ಲಾಸ್ಟಿಕ್ ಸ್ಟಾಕ್ (ನಳಿಕೆ ಕೂರುವ ಚೌಕಟ್ಟು) ಇದ್ದರೆ ಬೈಪಾಡ್ (ಎರಡು ಕಾಲಿನ ಆಸರೆ) ಮೇಲೆ ಭಾರ ಹಾಕಿ ಒತ್ತಿ, ನಳಿಕೆಗೂ ಸ್ಟಾಕಿಗೂ ನಡುವೆ ಕಾಗದದ ಪಟ್ಟಿ ಎಳೆದು ನೋಡಿ. ಚೇಂಬರಿನ ಹತ್ತಿರದವರೆಗೂ ಸಲೀಸಾಗಿ ಹೋಗಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಸ್ಟಾಕ್ ಬಾಗಿ ನಳಿಕೆಗೆ ತಾಗುತ್ತಿದೆ, ಬೆಂಚಿನ ಮೇಲೆ ಒಂದು ಕಡೆ, ಹೊಲದಲ್ಲಿ ಇನ್ನೊಂದು ಕಡೆ ಬೀಳುತ್ತದೆ. ಸ್ಟಾಕಿನ ಒಳಗಿನ ಕಾಲುವೆಯನ್ನು ಉಪ್ಪುಕಾಗದದಿಂದ ಉಜ್ಜಿ ಅಗಲ ಮಾಡಿದರೆ ಬಹುತೇಕ ಸರಿಹೋಗುತ್ತದೆ.