ಮುಷ್ಕರದ ದಿನ ಮಕ್ಕಳು ಮನೆಗೆ, ನಾವು ಕಟ್ಟಿದ ತೆರಿಗೆ ಎಲ್ಲಿಗೆ?

ಹೊಸಂಗಡಿ ಹೋಟ್ಲಿನವ:

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಹೊಸಂಗಡಿಯಲ್ಲಿ ನನ್ನದೊಂದು ಸಣ್ಣ ಹೋಟೆಲ್ ಉಂಟು. ಚಾ, ಗೋಳಿಬಜೆ, ಮಧ್ಯಾಹ್ನಕ್ಕೆ ಊಟ, ಅಷ್ಟೇ. ಮಕ್ಕಳಿಬ್ಬರೂ ಹತ್ತಿರದ ಕನ್ನಡ ಮಾಧ್ಯಮ ಐಡೆಡ್ (ಅನುದಾನಿತ) ಶಾಲೆಗೆ ಹೋಗುವುದು. ನಿನ್ನೆ, 2025ರ ಜನವರಿ 22ಕ್ಕೆ, ಟೀಚರುಗಳದ್ದು, ಸರ್ಕಾರಿ ನೌಕರರದ್ದು ಮುಷ್ಕರ ಇತ್ತಲ್ಲ. ಒಂಬತ್ತೂವರೆಗೆ ಬಿಟ್ಟು ಬಂದೆ, ಹತ್ತೂಕಾಲಿಗೆ ಇಬ್ಬರೂ ಚೀಲ ಬೆನ್ನಿಗೆ ಹಾಕಿಕೊಂಡು ಹೋಟೆಲಿನ ಎದುರು ಹಾಜರು. ಒಬ್ಬರೇ ಟೀಚರ್ ಬಂದಿದ್ದರಂತೆ. ದೊಡ್ಡವನು ಊಟದ ಹೊತ್ತಿಗೆ ಬಾಳೆಲೆ ಹಾಕಿದ, ಚಿಕ್ಕವಳು ಗಲ್ಲಾಪೆಟ್ಟಿಗೆ ಹತ್ತಿರ ಕೂತು ಬಿಲ್ ಪುಸ್ತಕದ ಹಿಂದೆಲ್ಲ ನವಿಲು ಬಿಡಿಸಿದಳು. ಈಗ ಯಾರಿಗಾದರೂ ಬಿಲ್ ಕೊಟ್ಟರೆ ಹಿಂದೆ ನವಿಲು.

ನಾನು ಕೇಳುವುದು ಇಷ್ಟೇ. ತಿಂಗಳಿಗೆ ಸರಿಯಾಗಿ ಸಂಬಳ ಬರುವವರಿಗೆ ಮುಷ್ಕರ ಯಾಕೆ? ನನಗೆ ಒಂದು ದಿನ ಬಾಗಿಲು ಹಾಕಿದರೆ ಆ ದಿನದ ದುಡ್ಡು ಹೋಯಿತು, ಕೇಳುವವರಿಲ್ಲ. ಹೋಟೆಲಿನ ಗ್ಯಾಸ್ ಸಿಲಿಂಡರಿಗೆ 18% ಜಿಎಸ್‌ಟಿ, ಪೆಟ್ರೋಲಿಗೆ ಸೆಸ್ ಬೇರೆ, ಪಂಚಾಯತಿಗೆ ಕಟ್ಟಡ ತೆರಿಗೆ, ಲೈಸೆನ್ಸ್. ಇಷ್ಟೆಲ್ಲ ಕಟ್ಟಿಯೂ ಟೀಚರುಗಳಿಗೆ ಕೊಡಲಿಕ್ಕೆ ದುಡ್ಡಿಲ್ಲ ಅಂದರೆ ಅದು ಹೋಗುವುದೆಲ್ಲಿಗೆ? ಗೊತ್ತಿದ್ದವರು ಹೇಳಿ. ಪಾರ್ಟಿ ಜಗಳ ಬೇಡ, ದಮ್ಮಯ್ಯ.

ಎಲ್‌ಪಿ ಟೀಚರ್:

ಅಣ್ಣಾ, ನಿನ್ನೆ ಮುಷ್ಕರ ಮಾಡಿದವರಲ್ಲಿ ನಾನೂ ಒಬ್ಬಳು, ಹಾಗಾಗಿ ನನ್ನ ಮಾತಿಗೆ ಸ್ವಲ್ಪ ಉಪ್ಪು ಜಾಸ್ತಿ ಅಂತ ಇಟ್ಟುಕೊಂಡೇ ಓದಿ. ಮೊದಲು ಒಂದು ವಿಷಯ. ನಮಗೂ ಆ ದಿನದ ದುಡ್ಡು ಹೋಗುತ್ತದೆ. ಸರ್ಕಾರ ಡಯಸ್‌ನಾನ್ ಅಂತ ಆದೇಶ ಮಾಡಿದೆ, ಅಂದರೆ ಆ ದಿನ ಲೆಕ್ಕಕ್ಕೇ ಇಲ್ಲ. ಎಲ್‌ಪಿ, ಅಂದರೆ ಕಿರಿಯ ಪ್ರಾಥಮಿಕ ಟೀಚರಿನ ಮೂಲ ವೇತನ 35,600 ರೂಪಾಯಿಯಿಂದ ಶುರು. ಅದರ ಲೆಕ್ಕದಲ್ಲೇ ದಿನಕ್ಕೆ 1,150 ರೂಪಾಯಿ ಹತ್ತಿರ ಕಟ್.

ಕೇಳಿದ್ದು ಸಂಬಳ ಹೆಚ್ಚಿಸಿ ಅಂತಲ್ಲ, ಮೊದಲು ಬಾಕಿ ಕೊಡಿ ಅಂತ. ಸಾಮಾನಿನ ಬೆಲೆ ಏರಿದ ಹಾಗೆ ಕೊಡಬೇಕಾದ ಡಿಎ ಕಂತು ಕಂತಾಗಿ ಬಾಕಿ ಉಳಿದಿದೆ. ಸಂಬಳ ಪರಿಷ್ಕರಣೆ ಕಳೆದ ಸಲ 2019ರ ಜುಲೈ ಲೆಕ್ಕಕ್ಕೆ ಆದದ್ದು, ಇಲ್ಲಿ ಐದು ವರ್ಷಕ್ಕೊಮ್ಮೆ ಮಾಡುವ ರೂಢಿ, ಅದೂ ದಾಟಿತು. ಮತ್ತೆ ಪಿಂಚಣಿ. 2013ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದ ನನ್ನಂಥವರಿಗೆ ಹಳೆಯ ಪಿಂಚಣಿ ಇಲ್ಲ, ನಮ್ಮ ಸಂಬಳದಿಂದಲೇ 10% ಹಿಡಿಯುತ್ತಾರೆ. ಆಡಳಿತ ರಂಗದಲ್ಲೇ ಇರುವ ಸಿಪಿಐ ಕಡೆಯ ಸಂಘಟನೆ ಕೂಡ ನಿನ್ನೆ ಬೀದಿಗಿಳಿದಿತ್ತು, ಹಾಗಾಗಿ ಇದು ಬರೀ ವಿರೋಧ ಪಕ್ಷದ ಆಟ ಅಂತ ತಳ್ಳಿಹಾಕಲಿಕ್ಕಾಗುವುದಿಲ್ಲ.

ಇನ್ನೊಂದು ಹೇಳುತ್ತೇನೆ, ನೀವು ಹೋಟೆಲಿನವರಲ್ವಾ, ನಿಮಗೆ ಬೇಗ ಅರ್ಥ ಆದೀತು. ನಮ್ಮ ಶಾಲೆಯಲ್ಲಿ 62 ಮಕ್ಕಳು. ಮಧ್ಯಾಹ್ನದ ಊಟಕ್ಕೆ ಅಕ್ಕಿ ಬೇರೆ ಬರುತ್ತದೆ. ಬೇಳೆ, ತರಕಾರಿ, ಎಣ್ಣೆ, ಗ್ಯಾಸ್ ಎಲ್ಲ ಸೇರಿ ಒಂದು ಮಗುವಿಗೆ 6 ರೂಪಾಯಿ 19 ಪೈಸೆ. ಒಟ್ಟು 384 ರೂಪಾಯಿ. 62 ಮಕ್ಕಳಿಗೆ ಸಾಂಬಾರು, ಪಲ್ಯ ಮಾಡಿ ತೋರಿಸಿ ಅಣ್ಣಾ. ಆ ದುಡ್ಡೂ ತಿಂಗಳುಗಟ್ಟಲೆ ತಡ. ಅಲ್ಲಿಯವರೆಗೆ ನಮ್ಮ ಎಚ್ಎಂ (ಮುಖ್ಯೋಪಾಧ್ಯಾಯರು) ಕೈಯಿಂದ ಹಾಕುತ್ತಾರೆ. ಅಂಗಡಿಯಲ್ಲಿ ಅವರ ಹೆಸರಿಗೆ ಸಾಲದ ಪುಸ್ತಕ ಉಂಟು, ಶಾಲೆಯ ಹೆಸರಿಗಲ್ಲ. ತೊಂಡೆಕಾಯಿ ಅಗ್ಗ ಇದ್ದ ವಾರ ಐದು ದಿನವೂ ತೊಂಡೆಕಾಯಿ.

ಅಡಿಕೆ ತೋಟ:

ಟೀಚರೇ, ಊಟದ ವಿಷಯ ಒಪ್ಪಿದೆ, ಅದು ಅನ್ಯಾಯವೇ. ಆದರೆ 35,600 ಶುರುವಾತಿಗೆ ಅಂತ ನೀವೇ ಬರೆದಿರಿ. ಅಡಿಕೆ ಕೊಳೆತು ಉದುರುವ ಮಹಾಳಿ ರೋಗ ಬಂದ ವರ್ಷ ನನಗೆ ಡಿಎ ಕೊಡುವವರು ಯಾರು? ಮದ್ದು ಬಿಡುವವರಿಗೆ ಕೊಟ್ಟು, ಅಡಿಕೆ ಸುಲಿಯುವವರಿಗೆ ಕೊಟ್ಟು, ಉಳಿದದ್ದು ನನ್ನದು. ಕೆಲವು ವರ್ಷ ಉಳಿಯುವುದೂ ಇಲ್ಲ.

ಮತ್ತೊಂದು ಕೋಪ ನನಗೆ. ಡಿಎಗೆ ಎಲ್ಲ ಸಂಘದವರೂ ಒಟ್ಟಾಗುತ್ತೀರಿ. ನನ್ನ ಮಗಳ ಶಾಲೆಯ ಕನ್ನಡ ವಿಭಾಗಕ್ಕೆ ಕನ್ನಡದ ಒಂದಕ್ಷರ ಬಾರದವರನ್ನು ಪಾಠಕ್ಕೆ ಹಾಕಿದರು. ಮಕ್ಕಳು ಏನು ಕೇಳಿದರೂ ಅವರು ಮಲಯಾಳದಲ್ಲಿ ಹೇಳುವುದು, ಇವರು ತಲೆ ಆಡಿಸುವುದು. ಪಾಪ, ಅವರ ತಪ್ಪೂ ಅಲ್ಲ, ನೇಮಕದ ಪಟ್ಟಿಯಲ್ಲಿ ಹೆಸರು ಬಂತು, ಬಂದರು. ಆಗ ಶಾಲೆಯ ಗೇಟಿನಲ್ಲಿ ಧರಣಿ ಕೂತದ್ದು ನಾವು ಅಪ್ಪ ಅಮ್ಮಂದಿರು. ಅದಕ್ಕೆ ನೀವು ಒಂದು ದಿನದ ಸಂಬಳ ಬಿಟ್ಟಿದ್ದರೆ ಇವತ್ತು ನಿಮ್ಮ ಮುಷ್ಕರಕ್ಕೆ ನಾನೇ ಎಳನೀರು ತಂದು ಕೊಡುತ್ತಿದ್ದೆ.

ಎಲ್‌ಪಿ ಟೀಚರ್:

ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಕನ್ನಡ ಟೀಚರುಗಳು ಮನವಿ ಕೊಟ್ಟದ್ದುಂಟು, ಆದರೆ ಸಂಬಳ ಬಿಟ್ಟು ಕೂತದ್ದು, ನಮ್ಮ ಕಡೆಯಲ್ಲಂತೂ, ಇಲ್ಲ. ನೀವು ಹೇಳಿದ್ದು ಸರಿ.

ಹಳೆ ಮಾಷ್ಟ್ರು:

2002ರಲ್ಲಿ ನಾನು ಸರ್ವೀಸಿನಲ್ಲಿದ್ದೆ. ಆಂಟನಿ ಮುಖ್ಯಮಂತ್ರಿ. ಸೌಲಭ್ಯ ಕಡಿತ ಮಾಡಿದ್ದಕ್ಕೆ ಇಡೀ ಕೇರಳದಲ್ಲಿ 32 ದಿನ ಮುಷ್ಕರ. ಒಂದು ದಿನ ಅಲ್ಲ, 32. ಎದುರಿಗೇ ಪರೀಕ್ಷೆ ಕಾಲ. ಮನೆಯಲ್ಲಿ ಅಕ್ಕಿ ಸಾಲಕ್ಕೆ ತಂದೆವು. ಒಂದು ದಿನ ಪೇಟೆಯಲ್ಲಿ ಒಬ್ಬ ಹುಡುಗ ಎದುರು ಸಿಕ್ಕಿ, ಮಾಷ್ಟ್ರೇ ಗಣಿತದ ಕೊನೇ ಪಾಠ ಆಗಲಿಲ್ಲ ಅಂದ. ಸಂಜೆ ಮನೆಗೆ ಬಾ ಅಂದೆ. ಏಳು ಜನ ಬಂದರು, ಚಾವಡಿಯಲ್ಲಿ ಕೂರಿಸಿ ಮಾಡಿದೆ. ಅದು ಸಂಘದವರಿಗೆ ಗೊತ್ತಾದರೆ ಬೈಯುತ್ತಿದ್ದರು, ಅದಕ್ಕೆ ಕಿಟಕಿ ಹಾಕಿಕೊಂಡೆ.

ಐಡೆಡ್ ಶಾಲೆ ಅಂದರೆ ಹಿಂದೆ ಏನಿತ್ತು ಅಂತ ಈಗಿನವರಿಗೆ ಗೊತ್ತಿಲ್ಲ. ಮ್ಯಾನೇಜರ್ ಕೊಟ್ಟಷ್ಟೇ ಸಂಬಳ, ರಸೀದಿಗೆ ಸಹಿ ಒಂದು, ಕೈಗೆ ಬರುವುದು ಇನ್ನೊಂದು. 1957ರ ಸರ್ಕಾರದಲ್ಲಿ ಮುಂಡಶ್ಶೇರಿ ಶಿಕ್ಷಣ ಮಂತ್ರಿಯಾಗಿ ತಂದ ಕಾನೂನಿನಿಂದ ಸಂಬಳ ಸರ್ಕಾರದ್ದು ಅಂತ ಗಟ್ಟಿಯಾಯಿತು. ಈಗಲೂ ನೇಮಕ ಮ್ಯಾನೇಜರದ್ದು, ಸಂಬಳ ಖಜಾನೆಯದ್ದು. ಆ ಏರ್ಪಾಡಿನ ಬಗ್ಗೆ ಹೇಳಲಿಕ್ಕೆ ಹೋದರೆ ರಾತ್ರಿ ಆದೀತು.

ಉಪ್ಪಳ ಲೆಕ್ಕದವ:

ಹೋಟ್ಲಿನವರೇ, ನಿಮ್ಮ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರ ಕೊಡಲಿಲ್ಲ, ಎಲ್ಲರೂ ತಮ್ಮ ಕಥೆ ಹೇಳಿದರು. ನಾನು ಅಂಗಡಿಗಳ ಲೆಕ್ಕ ಬರೆಯುವವನು, ಅದೇ ಭಾಷೆಯಲ್ಲಿ ಹೇಳುತ್ತೇನೆ.

ನಿಮ್ಮ ಗ್ಯಾಸಿನ 18%ರಲ್ಲಿ ಅರ್ಧ ದೆಹಲಿಗೆ, ಅರ್ಧ ತಿರುವನಂತಪುರಕ್ಕೆ. ದೆಹಲಿಗೆ ಹೋದದ್ದರಲ್ಲಿ ಒಂದು ಪಾಲು ಎಲ್ಲ ರಾಜ್ಯಗಳಿಗೆ ಹಂಚುತ್ತಾರೆ, ಅದರಲ್ಲಿ ಕೇರಳಕ್ಕೆ ಮೊದಲು 100ಕ್ಕೆ 2.5 ಸಿಗುತ್ತಿತ್ತು, 15ನೇ ಹಣಕಾಸು ಆಯೋಗ ಅದನ್ನು 1.925ಕ್ಕೆ ಇಳಿಸಿತು. ಇಲ್ಲಿ ಒಂದು ತೂತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನೇ ದರ ಇಟ್ಟು ದೊಡ್ಡ ದುಡ್ಡು ಮಾಡುವ ಸಾಮಾನು ಉಳಿದದ್ದು ಎರಡೇ ಅಂತ ಹೇಳಬಹುದು, ಪೆಟ್ರೋಲು ಡೀಸೆಲು ಒಂದು, ಕುಡಿಯುವುದು ಇನ್ನೊಂದು. ಅದಕ್ಕೇ ಬಜೆಟಿನಲ್ಲಿ ಕಷ್ಟ ಬಂದಾಗಲೆಲ್ಲ ಇವೆರಡರ ಮೇಲೆ ಕೈ. ಪೆಟ್ರೋಲಿಗೆ 30.08% ತೆರಿಗೆ, ಮೇಲಿಂದ ಲೀಟರಿಗೆ 1 ರೂಪಾಯಿ, ಮತ್ತೆ 2023ರ ಏಪ್ರಿಲಿನಿಂದ 2 ರೂಪಾಯಿ ಸೆಸ್. ಆ 2 ರೂಪಾಯಿ ಟೀಚರುಗಳಿಗಲ್ಲ, ಸಾಮಾಜಿಕ ಪಿಂಚಣಿಗೆ. ನಿಮ್ಮ ಮನೆಯಲ್ಲಿ ಅಜ್ಜಿಗೆ ಆ ಪಿಂಚಣಿ ಬರುತ್ತಿದ್ದರೆ ಅದಕ್ಕೆ.

ಈಗ ಒಂದು ಕೇಳುತ್ತೇನೆ, ಕೋಪ ಮಾಡಬೇಡಿ. ಆ ಪೆಟ್ರೋಲು ನೀವು ಹಾಕಿಸುವುದೆಲ್ಲಿ?

ನಾನೇ ಹೇಳುತ್ತೇನೆ. ತಲಪಾಡಿ ಗಡಿ ದಾಟಿ, ಕರ್ನಾಟಕದಲ್ಲಿ. ನಾನೂ ಅಲ್ಲೇ. ಲೀಟರಿಗೆ ನಾಲ್ಕಾರು ರೂಪಾಯಿ ಕಡಿಮೆ, ಮಂಜೇಶ್ವರದಿಂದ ಮಂಗಳೂರಿಗೆ ಹೋಗುವ ಬೈಕು, ಕಾರು, ರಿಕ್ಷಾ ಎಲ್ಲ ಅಲ್ಲೇ ನಿಲ್ಲುವುದು. ಅಲ್ಲಿ ಹಾಕಿದರೆ ರಾಜ್ಯದ ತೆರಿಗೆ ಪೂರ್ತಿ ಕರ್ನಾಟಕಕ್ಕೆ. ಹೊಸ ಫ್ರಿಜ್ಜು ಮಂಗಳೂರಿಂದ, ಮದುವೆ ಸೀರೆ ಮಂಗಳೂರಿಂದ, ಜಿಎಸ್‌ಟಿಯ ರಾಜ್ಯದ ಅರ್ಧವೂ ಅಲ್ಲೇ. ನನ್ನ ಮಗಳ ಮದುವೆಗೆ ಐದು ಲಕ್ಷದ ಚಿನ್ನ ಮಂಗಳೂರಲ್ಲೇ ತೆಗೆದದ್ದು. 3% ಅಂದರೆ 15,000. ಅದರಲ್ಲಿ 7,500 ಬೆಂಗಳೂರಿಗೆ ಹೋಯಿತು. ಮೇಲಿನ ಟೀಚರ್ ಕೊಟ್ಟ ಲೆಕ್ಕದಲ್ಲಿ ಅದು ಆರೂವರೆ ದಿನದ ಮೂಲ ವೇತನ. ಬಿಲ್ಲು ನಾನೇ ಫೈಲ್ ಮಾಡಿ ಇಟ್ಟವನು, ಆಗ ತಲೆಗೆ ಹೊಳೆದೇ ಇಲ್ಲ.

ಶಾಲೆ ಕೇರಳದ್ದು ಬೇಕು, ಪಿಂಚಣಿ ಕೇರಳದ್ದು ಬೇಕು, ತೆರಿಗೆ ಮಾತ್ರ ತಲಪಾಡಿ ಆಚೆ.

ಅಡಿಕೆ ತೋಟ:

ಕಡಿಮೆಗೆ ಸಿಕ್ಕುವಲ್ಲಿ ಹಾಕಿಸುವುದು ತಪ್ಪಾ ಮಾರಾಯ್ರೆ? ಮಂಗಳೂರಿಗೆ ನಾವು ಸುಮ್ನೆ ತಿರುಗಲಿಕ್ಕೆ ಹೋಗುವುದಾ? ಎದೆ ನೋವು ಬಂದರೆ ಇಲ್ಲಿ ಎಲ್ಲಿಗೆ ಹೋಗಬೇಕು? 2020ರಲ್ಲಿ ಕೊರೋನಾ ಅಂತ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಂಬುಲೆನ್ಸಿನಲ್ಲೇ ಜೀವ ಹೋದದ್ದು ನಮ್ಮವರದ್ದೇ. ಒಳ್ಳೆ ಆಸ್ಪತ್ರೆ ಕಾಸರಗೋಡಿನಲ್ಲಿ ಮಾಡಲಿ, ಪೆಟ್ರೋಲು ಇಲ್ಲೇ ಹಾಕಿಸುತ್ತೇನೆ.

ಉಪ್ಪಳ ಲೆಕ್ಕದವ:

ತಪ್ಪು ಅಂತ ನಾನು ಬರೆದಿಲ್ಲ. ದುಡ್ಡು ಎಲ್ಲಿ ಹೋಗುತ್ತದೆ ಅಂತ ಕೇಳಿದರು, ದಾರಿ ತೋರಿಸಿದೆ.

ನೀರ್ಚಾಲಿನವಳು, ಈಗ ಟಲ್ಸಾ:

ನಾನು ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿದ್ದೇನೆ. ಇದನ್ನೆಲ್ಲ ಓದಿ 2018ರ ಏಪ್ರಿಲ್ ನೆನಪಾಯಿತು. ಇಲ್ಲಿ ಟೀಚರುಗಳು ಎರಡು ವಾರದ ಹತ್ತಿರ ಹತ್ತಿರ ಶಾಲೆ ಬಿಟ್ಟು ರಾಜಧಾನಿಯಲ್ಲಿ ಕೂತಿದ್ದರು. ನಮ್ಮ ಟಲ್ಸಾದ ಕೆಲವರು ಅಲ್ಲಿಗೆ 110 ಮೈಲಿ ನಡೆದುಕೊಂಡೇ ಹೋದರು, ಹೆಚ್ಚುಕಡಿಮೆ ಕಾಸರಗೋಡಿನಿಂದ ಕಲ್ಲಿಕೋಟೆಗೆ ಆಗುವಷ್ಟು ದೂರ. ಬೆನ್ನು ಹರಿದ, ಟೇಪ್ ಅಂಟಿಸಿದ ಪಠ್ಯಪುಸ್ತಕಗಳ ಫೋಟೋ ಎಲ್ಲ ಕಡೆ ಓಡಾಡಿತು. ದುಡ್ಡಿಲ್ಲದೆ ಕೆಲವು ಕಡೆ ವಾರಕ್ಕೆ ನಾಲ್ಕೇ ದಿನ ಶಾಲೆ.

ಇದು ಎಣ್ಣೆ ಬಾವಿಗಳ ರಾಜ್ಯ ಮಾರಾಯ್ರೆ! ಹೊಸ ಬಾವಿಗಳ ಮೇಲಿನ ತೆರಿಗೆಯನ್ನು 2%ಕ್ಕೆ ಇಳಿಸಿ ಕೂತಿದ್ದರು. ಮತ್ತೆ ಏರಿಸೋಣ ಅಂದರೆ 1992ರಲ್ಲಿ ಜನರೇ ಮತ ಹಾಕಿ ಮಾಡಿಕೊಂಡ ಒಂದು ನಿಯಮ, ಶಾಸಕರಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪದೆ ತೆರಿಗೆ ಏರಿಸುವ ಹಾಗಿಲ್ಲ. ತೆರಿಗೆ ಕಡಿಮೆ ಇರಲಿ ಅಂತ ಬೀಗ ಹಾಕಿದವರೇ ಕೊನೆಗೆ ಹರಿದ ಪುಸ್ತಕ ನೋಡಿ ಬಾಯಿ ಬಡಿದುಕೊಂಡರು. ಮುಷ್ಕರದ ಹೆದರಿಕೆಗೆ ಹೇಗೋ ಬಾವಿ ತೆರಿಗೆ 5% ಮಾಡಿದರು, ಸಿಗರೇಟು ಪ್ಯಾಕಿಗೆ 1 ಡಾಲರ್, ಪೆಟ್ರೋಲಿಗೂ ಸ್ವಲ್ಪ. ಟೀಚರುಗಳಿಗೆ ವರ್ಷಕ್ಕೆ ಸರಾಸರಿ 6,100 ಡಾಲರ್ ಹೆಚ್ಚಾಯಿತು. ಆದರೂ ಸಂಬಳ ಸಾಲದು, ಶಾಲೆಗಳಿಗೂ ಕೊಡಿ ಅಂತ ಬೀದಿಗಿಳಿದರು. ಆಗ ನಮ್ಮ ಪಕ್ಕದ ಮನೆಯಾಕೆ ಎರಡು ವಾರ ನನ್ನ ಮನೆಯಲ್ಲೇ ಮಗನನ್ನು ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಅವನಿಗೆ ನೀರುದೋಸೆ ರೂಢಿಯಾಯಿತು.

ಹೊಸಂಗಡಿ ಹೋಟ್ಲಿನವ:

ಎಲ್ಲರಿಗೂ ಥ್ಯಾಂಕ್ಸ್. ಟೀಚರೇ, ನಿಮ್ಮ 384 ರೂಪಾಯಿ ಲೆಕ್ಕ ರಾತ್ರಿ ಹೆಂಡತಿಗೆ ತೋರಿಸಿದೆ. ಬೇಳೆ, ಎಣ್ಣೆ, ತರಕಾರಿ ಅಂತ ಕೂಡಿಸುತ್ತಾ ಹೋದಳು, ಗ್ಯಾಸಿನ ತನಕ ಬರುವ ಮೊದಲೇ ದುಡ್ಡು ಮುಗಿಯಿತು. ಮಕ್ಕಳ ಶಾಲೆಯಲ್ಲೂ ಹೀಗೇನಾ ಅಂತ ಬೆಳಿಗ್ಗೆ ಎಚ್ಎಂ ಹತ್ತಿರ ಕೇಳಿದೆ. ಅವರು ನಕ್ಕರು, ಏನೂ ಹೇಳಲಿಲ್ಲ. ಸೋಮವಾರದಿಂದ ನಮ್ಮ ತರಕಾರಿ ಗಾಡಿಯಿಂದಲೇ ಹೋಲ್‌ಸೇಲ್ ರೇಟಿಗೆ ಅವರಿಗೂ ಇಳಿಸುವುದು ಅಂತ ಮಾತಾಯಿತು.

ಮುಷ್ಕರ ಪೂರ್ತಿ ಒಪ್ಪಿದೆ ಅಂತ ತಿಳಿಯಬೇಡಿ. ಮುಂದಿನ ಸಲ ಎರಡು ದಿನ ಮೊದಲೇ ಒಂದು ಚೀಟಿ ಕಳಿಸಿ, ನನ್ನ ಬಿಲ್ ಪುಸ್ತಕ ಆದರೂ ಉಳಿದೀತು.

ಲೆಕ್ಕದವರೇ, ನಾಳೆ ಮಂಗಳೂರಿಗೆ ಹೋಗಲಿಕ್ಕುಂಟು. ಬೈಕಿನಲ್ಲಿ ಪೆಟ್ರೋಲು ತಲಪಾಡಿ ತನಕ ಸರೀ ಸಾಕು. ನಿಮ್ಮಿಂದಾಗಿ ಈಗ ಅದಕ್ಕೂ ಯೋಚನೆ ಮಾಡಬೇಕು.